ಅವ್ವನ ಹೆಸರಿನ ಬೋಗಾಣಿ

ಧಾರವಾಡದಲ್ಲಿ ನಮ್ಮ ಚರ್ಚಿನ ಕಂಪೌಂಡಿನೊಳಗೆ ಒಂದೇ ಸಾಲಿನಲ್ಲಿ ಒಂಬತ್ತು ಮನೆಗಳಿವೆ. ಸಾಲಿನ ತುದಿಗೆ ಹತ್ತನೆಯ ಮನೆಯಂತೆ ಕಾಣುವ ಒಂದು ಸಣ್ಣ ಕೋಣೆ ಇದೆ. ಅದರಲ್ಲಿ ಜನ ಇರುವುದಿಲ್ಲ, ಪಾತ್ರೆಗಳು ಇರುತ್ತವೆ. ನಾವು ಅದನ್ನು ಪಾತ್ರೆ ಖೋಲಿ ಎನ್ನುತ್ತೇವೆ. ಮದುವೆಯಿರಲಿ, ಸತ್ತವರ ಮಣ್ಣಿರಲಿ, ಕ್ರಿಸ್‌ಮಸ್ ಇರಲಿ, ಸುಗ್ಗಿ ಹಬ್ಬದ ಪ್ರೀತಿಭೋಜನ ಇರಲಿ, ಬೋಗಾಣಿ, ಪರಾತ, ಸೌಟು ಎಲ್ಲ ಅಲ್ಲಿಂದಲೇ ಹೊರಡಬೇಕು. ಬಾಗಿಲಿಗೆ ಚಿಲಕ ಇದೆ, ಕೀಲಿ ಇಲ್ಲ. ರಸ್ತೆಯಾಚೆಯ ಕಾಳಿನ ವ್ಯಾಪಾರಿಗಳ ಮನೆಯ ಬಸುರಿಯ ಕುಬಸಕ್ಕೂ, ಹಿಂದಿನ ಗಲ್ಲಿಯ ಮೆಕ್ಯಾನಿಕ್ ಮನೆಯ ನಿಕಾಹಕ್ಕೂ ಇಲ್ಲಿಯ ಪಾತ್ರೆಗಳೇ ಹೋಗಿ ಬಂದಿವೆ. ತಿರುಗಿ ಕೊಡುವಾಗ ಬರಿದಾಗಿ ಕೊಡುವಂತಿಲ್ಲ. ಒಂದು ಹಿಡಿ ಬೆಲ್ಲವಾದರೂ ಒಳಗಿರಬೇಕು.

ಈ ಸಾಲಿಗೆ ಸೊಸೆಯಾಗಿ ಬಂದವಳು ತವರಿನಿಂದ ತಂದ ಪಾತ್ರೆಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದೊಂದನ್ನು ಖೋಲಿಗೆ ಕೊಡುವುದು ಪದ್ಧತಿ. ಅದರ ಮೇಲಿದ್ದ ಹೆಸರನ್ನು ಅಳಿಸುವುದಿಲ್ಲ, ಮುಂದೆ ಆ ಪಾತ್ರೆಯನ್ನು ಕರೆಯುವುದೇ ಆ ಹೆಸರಿನಿಂದ. ಎಲ್ಲಕ್ಕಿಂತ ಹಳೆಯದಾದ, ದೊಡ್ಡದಾದ ತಾಮ್ರದ ಬೋಗಾಣಿ ಕೊನೇ ಮನೆಯ ಅಜ್ಜಿ ಕೊಟ್ಟದ್ದು. ಅಜ್ಜಿ ತೀರಿಕೊಂಡದ್ದು ನಾನು ಹುಟ್ಟುವುದಕ್ಕಿಂತ ಮೊದಲು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಯಾರೋ "ಅಜ್ಜಿನ್ನ ಬೂದಿ ಹಚ್ಚಿ ತಿಕ್ಕಿ, ಬಿಸಲಾಗ ಬೋರಲ ಹಾಕ್ರಿ" ಎಂದದ್ದು ಕೇಳಿ, ಇವರೆಂಥ ಜನ ಎಂದು ಗಾಬರಿಯಾಗಿ ಕಿಟಕಿಯಿಂದ ಇಣುಕಿ ನೋಡಿದ್ದೆ.

ನನ್ನ ಸ್ವಭಾವವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹಂಚಿಕೊಂಡು ಬೆಳೆದವಳಲ್ಲ. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಅಪ್ಪ ಅವ್ವನಿಗೆ ಒಬ್ಬಳೇ ಮಗಳು. ನನ್ನ ತಾಟು, ನನ್ನ ಲೋಟ, ನನ್ನ ಬಾಚಣಿಗೆ ಎಂದೇ ಬೆಳೆದೆ. ಇಲ್ಲಿಗೆ ಬಂದ ಮೂರನೇ ದಿನ ಪಕ್ಕದ ಮನೆಯವರು ಹೇಳದೆ ಕೇಳದೆ ನನ್ನ ಚಹಾದ ಸೋಸಣಿಗೆ ಒಯ್ದಾಗ ಅರ್ಧ ದಿನ ಮುಖ ಊದಿಸಿಕೊಂಡು ಕೂತಿದ್ದೆ. ಅವರು ಅದನ್ನು ತಿರುಗಿ ಕೊಡುವಾಗ ಒಂದು ಬಟ್ಟಲು ಶೇಂಗಾ ಚಟ್ನಿಯನ್ನೂ ಕೊಟ್ಟರು. ಚಟ್ನಿ ರುಚಿಯಾಗಿತ್ತು. ತಿಂದೆ, ಸಿಟ್ಟನ್ನು ಮಾತ್ರ ಬಿಡಲಿಲ್ಲ.

ಅವ್ವನ ಹತ್ತಿರ ಒಂದು ತಾಮ್ರದ ಬೋಗಾಣಿ ಇತ್ತು. ಹುಬ್ಬಳ್ಳಿಯ ಹಳೇ ಪೇಟೆಯಲ್ಲಿ ಎದುರಿಗೆ ಕೂತು ಮಾಡಿಸಿಕೊಂಡದ್ದು. ದಪ್ಪ ತಳ, ಎರಡು ಹಿತ್ತಾಳೆಯ ಕಿವಿ, ನಲವತ್ತು ಜನಕ್ಕೆ ಗೋದಿ ಹುಗ್ಗಿ ಬೇಯುವಷ್ಟು ಹೊಟ್ಟೆ. ಅಂಚಿನ ಕೆಳಗೆ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಕೊರೆದ ಅವ್ವನ ಹೆಸರು. ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಸತ್ಯವೇದದ ಎಷ್ಟೋ ಭಾಗಗಳನ್ನು ಕೇಳಿ ಕೇಳಿಯೇ ಬಾಯಿಪಾಠ ಮಾಡಿಕೊಂಡಿದ್ದಳು, ಆದರೆ ಓದಲು ಬರುತ್ತಿದ್ದದ್ದು ಆ ಬೋಗಾಣಿಯ ಮೇಲಿನ ನಾಲ್ಕು ಅಕ್ಷರ ಮಾತ್ರ. ತೊಳೆದು ಒರೆಸುವಾಗ ಬೆರಳಿಟ್ಟು ಒಂದೊಂದಾಗಿ ಓದುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ನಗುತ್ತಿದ್ದೆ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮದುವೆ ಗೊತ್ತಾದ ಮೇಲೆ ಧಾರವಾಡದ ಸಾಲಿನ ಪದ್ಧತಿ ಅವ್ವನ ಕಿವಿಗೆ ಬಿತ್ತು. ಅವಳು ಹಿಂದೆ ಮುಂದೆ ನೋಡಲಿಲ್ಲ. "ಇದನ್ನ ಸಭಿಗೆ ಕೊಡವಾ. ಹತ್ತು ಮಂದಿ ಕೈಯಾಗ ಇರಲಿ" ಎಂದಳು. ಬೋಗಾಣಿಯೊಳಗೆ ತಾನು ಹೊಲಿದ ಕೌದಿಗಳನ್ನು ತುಂಬಿ, ಬಾಯಿಗೆ ಹಳೇ ಸೀರೆ ಕಟ್ಟಿ, ತಾನೇ ನಿಂತು ಟೆಂಪೊಕ್ಕೆ ಏರಿಸಿದಳು.

ನಾನು ಕೊಡಲಿಲ್ಲ. ಅವ್ವ ಹೂವಿನಂತೆ ನೋಡಿಕೊಂಡ ಪಾತ್ರೆಯನ್ನು ಒಂಬತ್ತು ಮನೆಯವರು ಬೀದಿಯ ಮಣ್ಣಿಗೆ ಹಾಕಿ ತಿಕ್ಕುವುದು ನನಗೆ ಬೇಡವಾಗಿತ್ತು. ಮಾರ್ಕೆಟ್ಟಿಗೆ ಹೋಗಿ ಥಳಥಳ ಹೊಳೆಯುವ ಒಂದು ಸ್ಟೀಲಿನ ಬೋಗಾಣಿ ತಂದೆ. ಅಂಗಡಿಯವನಿಂದಲೇ ಅದರ ಮೇಲೆ ನನ್ನ ಹೆಸರು ಹಾಕಿಸಿದೆ. ತವರಿನಿಂದ ಬಂದದ್ದರಲ್ಲಿ ಇದೇ ಎಲ್ಲಕ್ಕಿಂತ ಒಳ್ಳೆಯದು ಎಂದು ಅತ್ತೆಯ ಕೈಗೆ ಕೊಟ್ಟೆ. ಪಾತ್ರೆ ಖೋಲಿಯ ಉಸ್ತುವಾರಿ ಆಗ ಅತ್ತೆಯದೇ. ಅವರು ಪಾತ್ರೆಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು, ಒಯ್ದು ಒಳಗಿಟ್ಟರು. ಸಾಲಿನ ಹೆಂಗಸರೆಲ್ಲ ಖೋಲಿಯ ಮುಂದೆ ನಿಂತು ಪದ್ಧತಿಯಂತೆ ಸಣ್ಣ ಪ್ರಾರ್ಥನೆ ಮಾಡಿದರು. ನಾನೂ ಕಣ್ಣು ಮುಚ್ಚಿ ಆಮೆನ್ ಎಂದೆ. ಮುಂದಿನ ಸಲ ತವರಿಗೆ ಹೋದಾಗ ಅವ್ವ ಕೊಟ್ಟೆಯಾ ಎಂದು ಕೇಳಿದಳು. ಹೂಂ ಎಂದೆ. ಅವಳ ಮುಖ ಅರಳಿತು. ಅದಾಗಿ ಆರು ತಿಂಗಳಿಗೆ ಅವ್ವ ತೀರಿಕೊಂಡಳು. ಆಮೇಲೆ ಕೊಡುವ ಮಾತೇ ಉಳಿಯಲಿಲ್ಲ. ಅವ್ವನ ಹೆಸರಿದ್ದದ್ದು ಎಂದು ನನ್ನ ಬಳಿ ಉಳಿದದ್ದು ಅದೊಂದೇ.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ನಾನು ಚೆನ್ನಾಗಿಯೇ ಉಂಡೆ. ನನ್ನ ಸ್ಟೀಲಿನ ಬೋಗಾಣಿಯ ತಳ ಎಷ್ಟು ತೆಳುವೆಂದರೆ ಮೊದಲ ಕ್ರಿಸ್‌ಮಸ್ಸಿಗೇ ಅದರಲ್ಲಿ ಪಾಯಸ ಸೀದು ಕಪ್ಪಾಯಿತು. ಅಂದಿನಿಂದ ಅದಕ್ಕೆ ಒಲೆಯ ಯೋಗ ತಪ್ಪಿ, ಉಳ್ಳಾಗಡ್ಡಿ ಸಿಪ್ಪೆ ಹಾಕುವ ಕೆಲಸಕ್ಕೆ ಬಿತ್ತು. ಉಳಿದವರ ಹೆಸರಿನಲ್ಲಿ ಅನ್ನ ಬೇಯುತ್ತಿತ್ತು, ಸಾರು ಕುದಿಯುತ್ತಿತ್ತು. ನನ್ನ ಹೆಸರು ಹಿಡಿದು ಮಾತ್ರ, ಅದರೊಳಗೆ ಸಿಪ್ಪೆ ಒಗೆಯಿರಿ ಎಂದು ಮೂವತ್ತು ವರ್ಷ ಕೂಗಿದ್ದಾರೆ.

ಅವ್ವನ ಬೋಗಾಣಿ ಮಾತ್ರ ಕೌದಿ ತುಂಬಿಕೊಂಡು ಅಟ್ಟದ ಮೇಲೆ ಕೂತಿತ್ತು. ಚಳಿಗಾಲ ಬಂದಾಗ ಅತ್ತೆ ಮಗನಿಗೆ ಹೇಳುತ್ತಿರಲಿಲ್ಲ. "ಕೌದಿ ನೀನ ಇಳಸವಾ, ನಿನಗ ಗೊತ್ತು ಎಲ್ಲೈತಿ ಅಂತ" ಎಂದು ನನಗೇ ಹೇಳುತ್ತಿದ್ದರು. ಚರ್ಚಿನಲ್ಲಿ ಸಭಾಪಾಲಕರು ಆದಿ ಸಭೆಯವರ ಕಥೆ ತೆಗೆದರೆಂದರೆ ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಎಲ್ಲರೂ ಇದ್ದದ್ದನ್ನು ತಂದು ಒಟ್ಟಿಗೆ ಹಾಕುತ್ತಿದ್ದರಂತೆ. ಒಬ್ಬ ಗಂಡ ಹೆಂಡತಿ ಮಾತ್ರ ಹೊಲ ಮಾರಿ, ಬಂದದ್ದರಲ್ಲಿ ಸ್ವಲ್ಪ ಬಚ್ಚಿಟ್ಟುಕೊಂಡು, ಇಷ್ಟೇ ಬಂದದ್ದು ಎಂದರಂತೆ. ಇಬ್ಬರೂ ನಿಂತಲ್ಲೇ ಬಿದ್ದು ಸತ್ತರಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಬಿದ್ದು ಸಾಯಲಂತೂ ಇಲ್ಲ, ವರ್ಷದಿಂದ ವರ್ಷಕ್ಕೆ ದಪ್ಪಗಾದೆ.

ಹಾಗೆಂದು ನಾನು ಬದಲಾಗಲೇ ಇಲ್ಲ ಎನ್ನುವಂತಿಲ್ಲ. ಈ ಸಾಲು ಯಾರನ್ನೂ ಇದ್ದ ಹಾಗೆ ಬಿಡುವುದಿಲ್ಲ. ನಮ್ಮ ಅಡುಗೆಮನೆಯಲ್ಲಿ ಈಗಿರುವ ಮಿಕ್ಸರ್ ಮೂಲದಲ್ಲಿ ಯಾರದೋ, ನನಗೆ ನೆನಪಿಲ್ಲ. ಒಂದು ಏಣಿ, ಒಂದು ಹೊಲಿಗೆ ಮಷಿನ್ನು, ಈಚೆಗೆ ಕೊಂಡ ಒಂದು ಗಾಲಿ ಕುರ್ಚಿ ಒಂಬತ್ತೂ ಮನೆಗಳಲ್ಲಿ ಓಡಾಡುತ್ತವೆ. ನನ್ನ ಗಂಡ ಸತ್ತೂರಿನ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಮಲಗಿದ್ದಾಗ ಒಂದು ಹೊತ್ತೂ ನಾನು ಒಲೆ ಹಚ್ಚಲಿಲ್ಲ. ಡಬ್ಬಿಗಳು ತಾವಾಗಿಯೇ ಬಂದವು. ಡಬ್ಬಿ ಒಬ್ಬರದು, ಮುಚ್ಚಳ ಇನ್ನೊಬ್ಬರದು. ಎಲ್ಲರಿಂದಲೂ ಎಲ್ಲವನ್ನೂ ಇಸಿದುಕೊಂಡೆ, ನಾನೂ ಕೊಟ್ಟೆ. ಅದೊಂದನ್ನು ಬಿಟ್ಟು.

ಹೋದ ವರ್ಷ ಸುಗ್ಗಿ ಹಬ್ಬಕ್ಕೆ ಮೂರು ದಿನ ಮೊದಲು ಕಲಾಯಿ ಕಾಕಾ ಬಂದರು. ತಾಮ್ರದ ಪಾತ್ರೆಗಳ ಒಳಗೆ ತವರದ ಹೊಳಪು ಹಚ್ಚುವುದು ಅವರ ಕೆಲಸ. ಮೊದಲು ಅವರ ತಂದೆ ಬರುತ್ತಿದ್ದರು, ಈಗ ಇವರೇ ಹುಬ್ಬಳ್ಳಿಯಿಂದ ಸ್ಕೂಟರಿನಲ್ಲಿ ಬರುತ್ತಾರೆ. ಬೇವಿನ ಮರದ ಕೆಳಗೆ ಕೆಂಡ ಮಾಡಿಕೊಂಡು, ಕೊನೇ ಮನೆಯ ಅಜ್ಜಿಯ ಬೋಗಾಣಿಯನ್ನು ಎತ್ತಿ ಬಿಸಿಲಿಗೆ ಹಿಡಿದರು. ತಳದಲ್ಲಿ ಉದ್ದಕ್ಕೆ ಸೀಳು ಬಿಟ್ಟಿತ್ತು. ಹಿಂದೆ ಎರಡು ಸಲ ತೇಪೆ ಹಾಕಿದ್ದಾಗಿತ್ತು, ಇನ್ನು ಆಗುವುದಿಲ್ಲ ಎಂದು ಅವರು ತಲೆ ಅಲ್ಲಾಡಿಸಿದರು. ಗೋದಿ ಹುಗ್ಗಿಗೆ ದಪ್ಪ ತಳದ ತಾಮ್ರವೇ ಬೇಕು. ಎಳೆಯ ಸೊಸೆಯಂದಿರು ಶಾಮಿಯಾನದ ಅಂಗಡಿಯಿಂದ ಬಾಡಿಗೆಗೆ ತರೋಣ ಎಂದರು. ಎಂಬತ್ತು ದಾಟಿದ ನನ್ನ ಅತ್ತೆ ಅಲ್ಲೇ ಕುರ್ಚಿಯಲ್ಲಿದ್ದರು. ಅಷ್ಟು ವರ್ಷದಲ್ಲಿ ಹೊರಗಿನ ಪಾತ್ರೆ ಈ ಕಂಪೌಂಡಿಗೆ ಬಂದದ್ದಿಲ್ಲ. ಅವರು ಆಯಿತು ಎಂದಷ್ಟೇ ಹೇಳಿ, ಕುಡಿಯುತ್ತಿದ್ದ ಚಹಾವನ್ನು ಅರ್ಧಕ್ಕೆ ಬಿಟ್ಟು ಒಳಗೆ ಹೋದರು. ನನ್ನ ಅತ್ತೆ ಚಹಾ ಬಿಟ್ಟು ಎದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು.

ನಾನು ಮನೆಗೆ ಹೋಗಿ ಏಣಿ ಹಾಕಿದೆ. ಇಷ್ಟು ವರ್ಷದ ಸುಳ್ಳನ್ನು ಒಂಬತ್ತು ಮನೆಯ ಮುಂದೆ ಇಳಿಸಬೇಕಲ್ಲ ಎಂದು ಮೆಟ್ಟಿಲು ಮೆಟ್ಟಿಲಿಗೂ ನಿಂತು ಹತ್ತಿದೆ. ಮೊಣಕಾಲು ನೋವೂ ಇತ್ತು ಅನ್ನಿ. ಕೆಳಗೆ ಏಣಿ ಹಿಡಿದ ಗಂಡ, ಥಂಡಿ ಹೋದ ಮೇಲೆ ಕೌದಿ ಯಾಕೆ ಎಂದು ಕೇಳಿದ. ಸುಮ್ಮನೆ ಹಿಡಿಯಿರಿ ಎಂದು ಗದರಿದೆ. ಕೌದಿಗಳನ್ನು ತೆಗೆದು ನೋಡಿದರೆ ಬೋಗಾಣಿಯ ಒಳಗೆಲ್ಲ ಹಸಿರು ಕಿಲುಬು. ಯಾವಾಗಲೋ ಹಂಚಿನಿಂದ ನೀರು ಸೋರಿ ಕೌದಿಯಲ್ಲಿ ನಿಂತಿರಬೇಕು, ನಾನು ತಳದವರೆಗೆ ಎಂದೂ ನೋಡಿರಲಿಲ್ಲ. ಬೇರೆಯವರ ಕೈಯಲ್ಲಿ ಹಾಳಾಗುತ್ತದೆಂದು ನಾನು ಕಾದಿಟ್ಟುಕೊಂಡದ್ದರ ಗತಿ ಅದು. ಅಟ್ಟದ ಮೇಲೆಯೇ ಕೂತು ಸ್ವಲ್ಪ ಹೊತ್ತು ಕಣ್ಣೀರು ಹಾಕಿದೆ.

ಕಲಾಯಿ ಕಾಕಾ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಅಕ್ಕಾರ, ದುಡದು ಸವದಿದ್ದಕ್ಕ ಕಲಾಯಿ ಲಗೂ ಹಿಡೀತೈತ್ರಿ. ಸುಮ್ಮನ ಕುಂತಿದ್ದನ್ನ ಎರಡು ಪಟ್ಟು ತಿಕ್ಕಬೇಕಾಕ್ಕೈತಿ" ಎಂದು ಮರಳು, ಹುಣಸೆಹಣ್ಣು ಹಾಕಿ ಕಾಲಿನಿಂದ ತುಳಿದು ತಿಕ್ಕತೊಡಗಿದರು. ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ ಬಿಳಿ ಹೊಗೆ ಎಬ್ಬಿಸಿ, ತವರ ಹಚ್ಚಿ ಅರಿವೆಯಿಂದ ಎಳೆದಾಗ ಒಳಗೆಲ್ಲ ಬೆಳ್ಳಿಯ ಹಾಗಾಯಿತು. ಹೊರಗೂ ತೊಳೆದರು. ಅದಕ್ಕೆ ಹಿಂದಿನ ವರ್ಷವಷ್ಟೇ ಸಾಲಿಗೆ ಬಂದಿದ್ದ ಪಕ್ಕದ ಮನೆಯ ಹೊಸ ಸೊಸೆ ಬಗ್ಗಿ, ಚುಕ್ಕಿಯ ಅಕ್ಷರಗಳನ್ನು ಗಟ್ಟಿಯಾಗಿ ಓದಿ, ಇವರು ಯಾವ ಮನೆಯವರು ಎಂದು ಕೇಳಿದಳು.

"ನನ್ನವ್ವ" ಎಂದೆ. "ನಾ ಲಗ್ನಾಗಿ ಬಂದಾಗ ಇದನ್ನ ಕೊಡಬೇಕಾಗಿತ್ತು. ಬಚ್ಚಿಟ್ಟು ಸುಳ್ಳು ಹೇಳಿದೆ."

ಬಾಗಿಲಲ್ಲಿ ಅತ್ತೆ ಬಂದು ನಿಂತಿದ್ದರು. ನಿಧಾನ ಬಂದು, ಬೋಗಾಣಿಯ ಅಂಚು ಮುಟ್ಟಿ ನೋಡಿದರು.

"ನಿಶ್ಚಯದ ದಿನ ನಿಮ್ಮವ್ವ ಇದನ್ನ ನನಗ ತೋರಿಸಿದ್ಲು. ಬೆರಳಿಟ್ಟು ತನ್ನ ಹೆಸರು ಓದಿ ಹೇಳಿದ್ಲು" ಎಂದರು.

ಹಾಗಾದರೆ ಅತ್ತೆಗೆ ಮೊದಲ ದಿನದಿಂದಲೂ ಗೊತ್ತಿತ್ತು. ಇಷ್ಟು ವರ್ಷ ಒಂದು ಮಾತೂ ಯಾಕೆ ಕೇಳಲಿಲ್ಲ ಎಂದೆ.

"ಕೇಳಿ ಇಸಗೊಂಡಿದ್ರ ಬೋಗಾಣಿ ಖೋಲಿಗೆ ಬರತಿತ್ತು. ನೀ ಬರತಿದ್ದಿಲ್ಲ."

ಇಷ್ಟೇ ಹೇಳಿ, ಬಿಟ್ಟುಹೋಗಿದ್ದ ಚಹಾವನ್ನು ಬಿಸಿಮಾಡಿ ತರಲು ಹೇಳಿದರು. ಆಗ ಹೊಸ ಸೊಸೆ, ಹಾಗಾದರೆ ಸಿಪ್ಪೆಯ ಬೋಗಾಣಿಯನ್ನು ತಿರುಗಿ ಒಯ್ಯುತ್ತೀರೇನು ಎಂದು ನನ್ನನ್ನು ಕೇಳಿದಳು. ಎಲ್ಲರೂ ನಕ್ಕರು. ಕಾಕಾ ಕೂಡ ಮುಖ ತಿರುಗಿಸಿ ನಕ್ಕರು. ಬೇಡ, ಅದು ನನ್ನ ಹೆಸರಿನಲ್ಲಿಯೇ ಇರಲಿ ಎಂದೆ. ಎಷ್ಟೋ ವರ್ಷದ ಮೇಲೆ ಎದೆ ಹಗುರವಾಗಿತ್ತು.

ಅವ್ವನ ಬೋಗಾಣಿ ಅಜ್ಜಿಯದಷ್ಟು ದೊಡ್ಡದಲ್ಲವಾದ್ದರಿಂದ ರವಿವಾರ ಹುಗ್ಗಿಯನ್ನು ಎರಡು ಸಲ ಬೇಯಿಸಬೇಕಾಯಿತು. ಆರಾಧನೆ ಮುಗಿದು ಜನ ಹೊರಗೆ ಬರುತ್ತಿದ್ದರು. ಸುಗ್ಗಿಯ ಕಾಣಿಕೆಯಾಗಿ ತಂದ ಜೋಳದ ತೆನೆ, ಕುಂಬಳಕಾಯಿ, ಕೋಳಿಗಳ ಹರಾಜು ನಡೆದು ಗದ್ದಲವೋ ಗದ್ದಲ. ನಾನು ನಳದ ಹತ್ತಿರ ತಾಟು ತೊಳೆಯುತ್ತಿದ್ದೆ. ಒಲೆಯ ಕಡೆಯಿಂದ ಹೊಸ ಸೊಸೆ ಅವ್ವನ ಹೆಸರು ಹಿಡಿದು, ಲಗೂ ಬರ್ರಿ, ಇಳಸ್ರಿ, ಹದಾ ಬಂದೈತಿ ಎಂದು ಕೂಗಿದಳು.

ನಾನು ಥಟ್ಟನೆ ತಿರುಗಿ ಗೇಟಿನ ಕಡೆ ನೋಡಿದೆ. ಮಗಳಾದ ನಾನು ಆ ಹೆಸರನ್ನು ಎಂದೂ ಬಾಯಿಬಿಟ್ಟು ಕರೆದವಳಲ್ಲ. ಅಪ್ಪ ಹೋದ ಮೇಲೆ ಅದನ್ನು ಕರೆಯುವವರೇ ಇರಲಿಲ್ಲ. ಈಗ ಅವ್ವನ ಮುಖವನ್ನೇ ನೋಡದ ಹುಡುಗಿ, ಅವ್ವ ಇಲ್ಲೇ ಎಲ್ಲೋ ಇದ್ದಾಳೆ ಎನ್ನುವ ಹಾಗೆ ಮತ್ತೊಮ್ಮೆ ಕೂಗಿದಳು.

"ಬಂದೆ" ಎಂದೆ. ಕೈಯನ್ನು ಸೀರೆಗೆ ಒರೆಸಿಕೊಂಡು ಓಡಿದೆ. ಒಂದು ಕಿವಿಯನ್ನು ಅವಳು ಹಿಡಿದಳು, ಇನ್ನೊಂದನ್ನು ನಾನು ಹಿಡಿದೆ.