ಎದೆ ತಟ್ಟುವವನ ಒಂದು ತಪ್ಪು

ಆಸ್ಪತ್ರೆಯ ಐಸಿಯುನಲ್ಲಿ ಅವನನ್ನು ಎಲ್ಲರೂ ತಟ್ಟಣ್ಣ ಎಂದೇ ಕರೆಯುತ್ತಿದ್ದರು. ಉಸಿರಿನ ಯಂತ್ರದ ಮೇಲಿರುವವರಿಗೆ ಕೆಮ್ಮಲು ಆಗುವುದಿಲ್ಲ, ಕಫ ಎದೆಯಲ್ಲೇ ಕೂರುತ್ತದೆ. ತಟ್ಟಣ್ಣ ಅವರನ್ನು ಮಗ್ಗುಲಿಗೆ ಹೊರಳಿಸಿ, ಅಂಗೈಯನ್ನು ಬಟ್ಟಲಿನಂತೆ ಮಾಡಿ ತಟ್ಟುತ್ತಿದ್ದ. ಸಡಿಲವಾದ ಕಫವನ್ನು ನರ್ಸ್ ಸಣ್ಣ ನಳಿಗೆಯಿಂದ ಎಳೆದು ತೆಗೆಯುತ್ತಿದ್ದಳು. ಹದಿನೇಳು ವರ್ಷದಿಂದ ಇದೇ ಕೆಲಸ. ಕೈ ಇಟ್ಟರೆ ಸಾಕು, ಎದೆಯಲ್ಲಿ ಎಲ್ಲಿ ಗೊರಗೊರ ಅನ್ನುತ್ತಿದೆ ಎಂದು ಹೇಳಿಬಿಡುತ್ತಿದ್ದ. ಆ ಕೈಯನ್ನು ಅವನು ಕಣ್ಣಿಗಿಂತ ಹೆಚ್ಚು ನಂಬಿದ್ದ.

ನಾಲ್ಕನೇ ಹಾಸಿಗೆಯಲ್ಲಿ ಒಬ್ಬ ಬಡಗಿ. ನ್ಯುಮೋನಿಯಾ ಆಗಿ ಒಂಬತ್ತು ದಿನದಿಂದ ಗಂಟಲಲ್ಲಿ ಟ್ಯೂಬ್ ಇತ್ತು. ಎದೆ ತಿಳಿಯಾಗುತ್ತಿದೆ, ನಾಳೆ ಟ್ಯೂಬ್ ತೆಗೆದು ನೋಡೋಣ ಎಂದು ಡಾಕ್ಟರ್ ಹೇಳಿದ್ದರು.

"ಚಾಪೆ ಝಾಡಿಸಿದ ಹಾಗೆ ಬಡೀತೀರಲ್ಲ ಅಣ್ಣಾ" ಎಂದಳು ಬಡಗಿಯ ಹೆಂಡತಿ, ಬೆಳಿಗ್ಗೆ ನೋಡಲು ಬಂದಾಗ.

"ನೋವಾಗಲ್ಲ ತಂಗಿ. ಕೈಯೊಳಗೆ ಗಾಳಿ ಇರುತ್ತೆ."

"ಎದ್ದ ಮೇಲೆ ನಿಮಗೂ ನಾಲ್ಕು ಬಿಡ್ತಾರೆ ನೋಡಿ. ಸುತ್ತಿಗೆ ಹಿಡಿದ ಕೈ ಅದು."

"ಎದ್ದು ಹೊಡೀಲಿ. ತಿಂತೀನಿ."

ಮೂಗಿನ ನಳಿಗೆಯಲ್ಲಿ ಹಾಲಿನಂಥ ಊಟ ಬಿಟ್ಟ ಮೇಲೆ ಒಂದು ಗಂಟೆ ರೋಗಿಯನ್ನು ತಟ್ಟಬಾರದು, ಊಟ ಉಕ್ಕಿ ಎದೆಗೆ ಇಳಿಯಬಹುದು. ಊಟದ ಹೊತ್ತು ಹಾಸಿಗೆಯ ಕಾಲ ಬಳಿಯ ಚೀಟಿಯಲ್ಲಿ ಬರೆದಿರುತ್ತದೆ. ಆ ಮಧ್ಯಾಹ್ನ ತಟ್ಟಣ್ಣ ಚೀಟಿ ನೋಡಲಿಲ್ಲ. ಬಲಪಕ್ಕೆಯ ಕೆಳಗೆ ಕೈಗೆ ಗೊರಗೊರ ಸಿಕ್ಕಿತು. ಇದೊಂದು ಹೋದರೆ ನಾಳೆ ಟ್ಯೂಬ್ ಸಲೀಸಾಗಿ ಬರುತ್ತದೆ ಅಂದುಕೊಂಡ. ಹೊರಳಿಸಿ, ತಲೆ ತಗ್ಗಿಸಿ, ತಟ್ಟಿದ.

ಬಡಗಿಯ ಬಾಯಂಚಿನಿಂದ ಬೆಳ್ಳಗೆ ಇಳಿಯಿತು. ಯಂತ್ರ ಕೂಗಿಕೊಂಡಿತು.

"ಈಗಷ್ಟೇ ಊಟ ಬಿಟ್ಟಿದ್ನಲ್ಲ ತಟ್ಟಣ್ಣಾ!" ಎಂದು ನರ್ಸ್ ಓಡಿ ಬಂದಳು. ಎದೆಯಿಂದ ಎಳೆದ ನೀರೂ ಬೆಳ್ಳಗಿತ್ತು.

ಸಂಜೆಗೆ ಜ್ವರ ಏರಿತು. ಮರುದಿನ ಟ್ಯೂಬ್ ತೆಗೆಯಲಿಲ್ಲ.

"ಮೊದಲೇ ಸೋಂಕಿತ್ತು, ಇದರಿಂದಲೇ ಅಂತ ಹೇಳಕ್ಕಾಗಲ್ಲ. ನೀನು ಬಾಯಿ ಬಿಡಬೇಡ" ಎಂದರು ಡಾಕ್ಟರ್ ತಟ್ಟಣ್ಣನಿಗೆ.

ತಟ್ಟಣ್ಣ ಹೊರಗೆ ಬೆಂಚಿನ ಮೇಲೆ ಕೂತಿದ್ದ ಬಡಗಿಯ ಹೆಂಡತಿಯ ಮುಂದೆ ಹೋಗಿ ನಿಂತ. "ತಪ್ಪು ನಂದು ತಂಗಿ. ಚೀಟಿ ನೋಡ್ಲಿಲ್ಲ. ಊಟ ಎದೆಗೆ ಹೋಯ್ತು."

ಅವಳು ಬೆಂಚಿನಿಂದ ಎದ್ದಳು. "ಇನ್ನು ಅವರನ್ನ ಮುಟ್ಟಬೇಡಿ."

"ಎದೆ ತುಂಬಿದೆ. ಈಗಲೇ ಜಾಸ್ತಿ ತಟ್ಟಬೇಕು."

"ಬೇರೆ ಯಾರಿದ್ದಾರೆ?"

"ಯಾರೂ ಇಲ್ಲ."

"ಹಾಗಾದ್ರೆ ತಟ್ಟಿ. ನಾನು ಪಕ್ಕದಲ್ಲೇ ನಿಂತಿರ್ತೀನಿ."

ಡಾಕ್ಟರ್ ಒಪ್ಪಿದರು. ಮೂರು ದಿನ ಅವಳು ನಿಂತಳು, ಅವನು ತಟ್ಟಿದ. ಪ್ರತಿ ಸಲವೂ ಚೀಟಿಯನ್ನು ಅವಳಿಗೆ ಕೇಳುವಂತೆ ಓದಿ ಶುರು ಮಾಡುತ್ತಿದ್ದ. ನಾಲ್ಕನೇ ಬೆಳಿಗ್ಗೆ ಡಾಕ್ಟರ್ ಅವಳನ್ನು ಕರೆದು, ಇನ್ನು ನಮ್ಮ ಕೈಯಲ್ಲಿಲ್ಲ ಎಂದರು. ಅವಳು ಒಳಗೆ ಬಂದಾಗ ತಟ್ಟಣ್ಣ ತಟ್ಟುತ್ತಲೇ ಇದ್ದ. ಅವಳು ಅವನ ಮಣಿಕಟ್ಟು ಹಿಡಿದಳು.

"ಸಾಕು, ಬಿಡಿ. ಮಲಗಲಿ."