ಧಣಿಗಳ ಜಗಲಿಯ ಪಾಠ

ಮೊನ್ನೆ ಕಾರ್ಕಳದ ಕೋರ್ಟಿನ ಬೆಂಚಿನಲ್ಲಿ, ಪಕ್ಕದಲ್ಲಿದ್ದ ಕಕ್ಷಿದಾರರೊಬ್ಬರು ನಶ್ಯದ ಡಬ್ಬಿ ತೆರೆದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮ ಧಣಿಗಳು ನೆನಪಾದರು...

ಎಪ್ಪತ್ತರ ದಶಕದ ಮಾತು. ನಾನು ಉಡುಪಿಯಲ್ಲಿ ಲಾ ಓದುತ್ತಿದ್ದೆ. ಅಜೆಕಾರಿನಲ್ಲಿ ನಾವು ಗೇಣಿಗೆ ಮಾಡುತ್ತಿದ್ದ ಗದ್ದೆ ಅವರದು. ಅವರೋ ಕಾರ್ಕಳದ ಹೆಸರಾಂತ ವಕೀಲರು. ಉಳುವವನಿಗೇ ಭೂಮಿ ಎಂಬ ಕಾನೂನು ಬಂದು, ಅಪ್ಪ ಅರ್ಜಿ ಹಾಕಿಯಾಗಿತ್ತು. ನಮ್ಮಲ್ಲಿ ಗೇಣಿಯ ರಶೀದಿ ಒಂದೂ ಇರಲಿಲ್ಲ. ‘ಇವರು ಬರೀ ಕೂಲಿಯವರು’ ಎಂದು ಧಣಿಗಳು ಹೇಳಿಬಿಟ್ಟರೆ ಗದ್ದೆ ಕೈಬಿಟ್ಟಂತೆಯೇ. ಅಂಥ ಹೊತ್ತಿನಲ್ಲಿ ಅವರು ನನ್ನನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡು, ಭಾನುವಾರ ಮನೆಗೆ ಬಾ, ಸಾಕ್ಷ್ಯ ಕಾನೂನು ಹೇಳಿಕೊಡುತ್ತೇನೆ ಎಂದರು.

ಕೇಳಿ ಅಪ್ಪನಿಗೆ ಊಟವೇ ಸೇರಲಿಲ್ಲ. “ಪುಕ್ಕಟೆ ಯಾರು ಕಲಿಸ್ತಾರೆ ಮಾರಾಯ? ಎಂತದೋ ಉಂಟು. ನಿನ್ನ ಬಾಯಿ ಬಿಡಿಸಲಿಕ್ಕೆ ಅದು.”

ಆದರೂ ಹೋದೆ, ಪರೀಕ್ಷೆಯ ಭಯ ಅಪ್ಪನ ಭಯಕ್ಕಿಂತ ದೊಡ್ಡದಿತ್ತು. ಜಗಲಿಯಲ್ಲಿ ನಶ್ಯ ಏರಿಸುತ್ತ ಅವರು ಪಾಠ ಹೇಳುವರು. ಅವರ ಮನೆಯ ಕಾಫಿ ಕುಡಿಯುವಾಗಲೂ ನನಗೆ ಗುಮಾನಿ. ಅಪ್ಪ ಹೇಗಿದ್ದಾರೆ ಎಂದು ಕೇಳಿದರೆ, ಇದ್ದಾರೆ ಎಂದಷ್ಟೇ ಹೇಳಿ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದೆ. ಅವರು ನಗುತ್ತಿದ್ದರು. ಆ ನಗುವಿನ ಮೇಲೂ ಅನುಮಾನ! ಒಮ್ಮೆ ಹೇಳಿದರು: “ಎಲ್ಲರ ಮೇಲೂ ಸಂಶಯಪಡು, ಅಡ್ಡಿ ಇಲ್ಲ. ತನಗೇ ನಷ್ಟವಾಗುವ ಮಾತು ಹೇಳುವವನನ್ನು ನಂಬು.”

ಭೂನ್ಯಾಯ ಮಂಡಳಿಯಲ್ಲಿ ಆಗ ವಕೀಲರು ವಾದಿಸುವಂತಿರಲಿಲ್ಲ. ವಿಚಾರಣೆಯ ದಿನ ಧಣಿಗಳು ಕರಿಕೋಟಿಲ್ಲದೆ, ಬಿಳಿ ಪಂಚೆಯಲ್ಲಿ ಬಂದು ನಿಂತರು. ಮಂಡಳಿಯವರತ್ತ ತಿರುಗಿ ಹೇಳಿದರು:

“ಗದ್ದೆ ಇವರ ಅಜ್ಜನ ಕಾಲದಿಂದ ಇವರಿಗೆ ಗೇಣಿಗೆ ಉಂಟು. ಬೇರೆ ಎಂತ ಹೇಳಲಿಕ್ಕೂ ಇಲ್ಲ.”

ಅಷ್ಟೇ. ಗದ್ದೆ ನಮ್ಮದಾಯಿತು.

ಹೊರಗೆ ಬಂದು ಅವರು ನನ್ನ ಹೆಗಲು ಮುಟ್ಟಿದರು. “ಪರೀಕ್ಷೆಯವರೆಗಾದರೂ ಬರುತ್ತೀಯಲ್ವಾ?”

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಅವರಿಗೆ ಕೈಮುಗಿದು, ನನ್ನನ್ನು ಬಸ್ಸಿನ ಕಡೆ ಎಳೆದುಕೊಂಡು ಹೋದರು. “ಇದರಲ್ಲಿಯೂ ಎಂತದೋ ಉಂಟು” ಎಂದರು. ಮತ್ತೆ ನಾನು ಆ ಜಗಲಿ ಹತ್ತಲಿಲ್ಲ.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು: ತನಗೇ ನಷ್ಟವಾಗುವ ಹೇಳಿಕೆಯನ್ನು ಏಕೆ ನಂಬಬಹುದು, ಉದಾಹರಣೆ ಕೊಡಿ. ಕಣ್ಣಾರೆ ಕಂಡದ್ದನ್ನು ಬಿಟ್ಟು, ಪುಸ್ತಕದಲ್ಲಿದ್ದದ್ದನ್ನು ಬರೆದು ಬಂದೆ. ಪಾಸಾದೆ.

ಆಮೇಲೆ ಇಷ್ಟು ವರ್ಷ ಸಾಕ್ಷಿಗಳನ್ನು ಅನುಮಾನಿಸುತ್ತಲೇ ಹೊಟ್ಟೆ ಹೊರೆದೆ. ತನಗೆ ನಷ್ಟವಾಗುವ ಸತ್ಯ ಹೇಳಿದವರು ಇನ್ನೊಬ್ಬರು ಸಿಗಲಿಲ್ಲ...

ಕಕ್ಷಿದಾರರು ಡಬ್ಬಿ ಚಾಚಿದರು. ಒಂದು ಚಿಟಿಕೆ ತೆಗೆದುಕೊಂಡೆ. ಧಣಿಗಳು ತೀರಿಹೋಗಿ ಬಹಳ ಕಾಲವಾಯಿತು. ನಿಮ್ಮನ್ನು ನಂಬಿದೆ ಎಂದು ಹೇಳೋಣವೆಂದರೆ ಅವರಿಲ್ಲ, ಸಂಕಟವಾಗುತ್ತದೆ.