ನಾಟಿಗದ್ದೆಯಲ್ಲಿ ನನಗೆ ಕಾಲು ಬಂದದ್ದು

ಆಗೆಲ್ಲ ಭಾಗಮಂಡಲದ ಕಡೆಯ ನಮ್ಮೂರಲ್ಲಿ ಮಕ್ಕಳು ಬೀಳುವುದು ಒಂದು ಸುದ್ದಿಯೇ ಆಗಿರಲಿಲ್ಲ. ಬಿದ್ದವು, ಎದ್ದವು, ಮಂಡಿಗೆ ಕಮ್ಯುನಿಸ್ಟ್ ಸೊಪ್ಪಿನ ರಸ ಹಿಂಡಿಕೊಂಡು ಮತ್ತೆ ಓಡಿದವು. ನಾನು ಬಿದ್ದರೆ ಮಾತ್ರ ಮನೆಗೆಲ್ಲ ಚಿಂತೆ. ಎರಡು ವರ್ಷ ತುಂಬಿದ ಮೇಲೆ ನಡೆದವಳು ನಾನು. ಐದು ತುಂಬಿದರೂ ಕಾಲು ಅಗಲಿಸಿ, ಕೈ ಎರಡೂ ಬದಿಗೆ ಚಾಚಿ, ಬಾತುಕೋಳಿಯ ಹಾಗೆ ಹೋಗುತ್ತಿದ್ದೆ. ಗದ್ದೆಯ ಬದುವಿನ ಮೇಲೆ ಕಾಲಿಟ್ಟರೆ ಮುಗಿಯಿತು, ಧೊಪ್ಪನೆ ಕೆಳಗೆ.

ಅಜ್ಜಿಗೆ ನನ್ನ ಮೇಲೆ ಜೀವ. ಹಾಗಾಗಿ ಸೊಂಟದಿಂದ ಇಳಿಸುತ್ತಲೇ ಇರಲಿಲ್ಲ. ಶಾಲೆಗೆ ಹೋಗಲು ಗದ್ದೆಬಯಲು ದಾಟಬೇಕಿತ್ತು. "ಈ ಗೂಡೆಗೆ ಇನ್ನೂ ಕಾಲು ನಿಂತಿಲ್ಲ, ಬರುವ ವರ್ಷ ನೋಡುವ" ಎಂದುಬಿಟ್ಟಳು. ಗೂಡೆ ಎಂದರೆ ನಮ್ಮ ಕಡೆ ಹುಡುಗಿ. ನನ್ನ ಓರಗೆಯ ಹುಡುಗಿಯರೆಲ್ಲ ಚೀಲ ಹಾಕಿಕೊಂಡು ಹೋಗುವುದನ್ನು ನಾನು ಸೊಂಟದ ಮೇಲೆ ಕೂತು ನೋಡಬೇಕು. ಹೊಟ್ಟೆ ಉರಿದು ಹೋಗುತ್ತಿತ್ತು.

ನಮ್ಮಲ್ಲಿ ದೊಡ್ಡ ಗದ್ದೆಯ ನಾಟಿ ಮುಗಿಯುವ ದಿನ, ನಡುವೆ ಒಂದು ಪಟ್ಟಿಯನ್ನು ನೆಡದೆ ಬಿಟ್ಟು, ಆ ಕೆಸರಲ್ಲಿ ಓಟ ನಡೆಸುತ್ತಿದ್ದರು. ಗೆದ್ದವರಿಗೆ ಬಾಳೆಗೊನೆ. ಆ ವರ್ಷವೂ ಬದುವಿನ ಮೇಲೆ ಕಡುಬು, ಎಳೆಬಿದಿರಿನ ಕಣಿಲೆ ಸಾರು ಕಾಯುತ್ತಿದ್ದವು. ದೊಡ್ಡವರ ಓಟ ಮುಗಿದು ಮಕ್ಕಳು ಸಾಲಾಗಿ ನಿಂತರು. ನಾನು ಅಜ್ಜಿಯ ಸೊಂಟದಿಂದ ಜಾರಿ ಇಳಿದು ಸಾಲಿನ ತುದಿಗೆ ಸೇರಿಕೊಂಡೆ.

"ಎಂತ ಮಾಡ್ತಿ ಮಗ, ಬಾ ಇಲ್ಲಿ," ಎಂದಳು ಅಜ್ಜಿ.

"ಬರಲ್ಲ. ನಾನೂ ಓಡ್ತೇನೆ."

ಬದುವಿನ ಮೇಲೆ ಚಂಗನೆ ಓಡುವವರೆಲ್ಲ ಕೆಸರಲ್ಲಿ ಮುಗ್ಗರಿಸಿದರು. ಕೆಸರು ಯಾರ ಮುಲಾಜೂ ನೋಡುವುದಿಲ್ಲ. ನಾನೂ ಬಿದ್ದೆ, ಮುಖ ಅಡಿಯಾಗಿ. ಬಾಯಿ ತುಂಬ ಮಣ್ಣು. ಅಜ್ಜಿ ಸೀರೆ ಎತ್ತಿ ಕಟ್ಟಿ ಗದ್ದೆಗೆ ಇಳಿದೇಬಿಟ್ಟಳು. ಅತ್ತೆಯ ಎದುರು ಎಂದೂ ತುಟಿ ಬಿಚ್ಚದ ನನ್ನವ್ವ ಆಗ ಅವಳ ಕೈ ಹಿಡಿದಳು.

"ಬಿಡಿ ಅತ್ತೆ, ಅವಳೇ ಏಳಲಿ."

"ಉಸಿರು ಕಟ್ಟಿದರೆ?"

"ಕಟ್ಟುವುದಿಲ್ಲ. ನೀವು ಹೋಗಬೇಡಿ."

ನಾನು ಕೈಯೂರಿ ಎದ್ದೆ. ಊರೆಲ್ಲ ನಗುತ್ತಿದ್ದ ನನ್ನ ಅಗಲ ಕಾಲೇ ಅಲ್ಲಿ ನನ್ನನ್ನು ನಿಲ್ಲಿಸಿತು. ಹೆಬ್ಬೆರಳಲ್ಲಿ ಮಣ್ಣು ಕಚ್ಚಿ, ಮಂಡಿ ಸಡಿಲ ಬಿಟ್ಟು, ಮೈ ಈಚೆ ವಾಲಿದರೆ ಕೈ ಆಚೆ ಚಾಚಿ ಹೆಜ್ಜೆ ಹಾಕಿದೆ. ಯಾರೂ ಹೇಳಿಕೊಟ್ಟದ್ದಲ್ಲ. ಮತ್ತೆ ಬಿದ್ದೆ, ಮತ್ತೆ ಎದ್ದೆ. ಎಲ್ಲರಿಗಿಂತ ಕೊನೆಗೆ ತಲುಪಿದೆ, ಆದರೆ ನನ್ನ ಕಾಲ ಮೇಲೇ ತಲುಪಿದೆ. ಅಜ್ಜಿ ಸೆರಗಿನಿಂದ ನನ್ನ ಮುಖ ಒರೆಸಿದಳು. ಅವ್ವನ ಕಡೆ ನೋಡದೆ, "ಸೋಮವಾರ ಇವಳನ್ನು ಶಾಲೆಗೆ ಸೇರಿಸಿ" ಎಂದಳು.

ಈಗ ಆ ದೊಡ್ಡ ಗದ್ದೆಗೆ ಮಣ್ಣು ತುಂಬಿಸಿ ಹೋಮ್‌ಸ್ಟೇಯ ಕಾರು ನಿಲ್ಲಿಸುವ ಜಾಗ ಮಾಡಿದ್ದಾರೆ. ನನ್ನ ಮಗನಿಗೆ ಒಂದೂವರೆ ವರ್ಷ. ಎರಡು ಹೆಜ್ಜೆ ಹೊರಟರೆ ಸಾಕು, ಯಾರಾದರೂ ಓಡಿ ಬಂದು ಎತ್ತಿಕೊಳ್ಳುತ್ತಾರೆ. ಅವರದೇನು ತಪ್ಪು, ಮನೆ ತುಂಬ ಟೈಲ್ಸು, ಅಂಗಳ ತುಂಬ ಸಿಮೆಂಟು. ನಡೆಯಲು ನುಣ್ಣನೆಯ ನೆಲ ಬೇಕಾದಷ್ಟಿದೆ, ಬೀಳಲು ಮೆತ್ತಗಿನ ಜಾಗವೇ ಉಳಿದಿಲ್ಲ. ಹರಿಯುವ ತೋಡಿನ ಪಕ್ಕ ನನ್ನ ಪಾಲಿಗೆ ಬಂದ ಒಂದು ತುಂಡು ಗದ್ದೆಯಿದೆ. ಅದನ್ನೂ ಮುಚ್ಚಿಸು, ಲಾಭವಿಲ್ಲ ಎನ್ನುತ್ತಾರೆ ಮನೆಯವರು. ಮುಚ್ಚಿಸುವುದಿಲ್ಲ. ಭತ್ತ ಬೆಳೆಯದಿದ್ದರೆ ಬೇಡ. ಈ ಮಳೆಗಾಲ ನೀರು ಕಟ್ಟಿ, ಉಳುಮೆ ಮಾಡಿಸಿ, ಮಗನನ್ನು ಅದರೊಳಗೆ ಬಿಡುತ್ತೇನೆ. ಎತ್ತಿಕೊಳ್ಳಲು ಬರುವವರು ಮೊದಲು ನನ್ನನ್ನು ದಾಟಿ ಹೋಗಲಿ.